ಆರಡಿ ತೊಟ್ಟಿಗೆ ಅಗ್ಗದ ಫಿಲ್ಟರ್

ಮೀನಿನ ತೊಟ್ಟಿಯ ಮೋಟಾರು ಕೆಟ್ಟಾಗ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಕೆಡುವ ಮುಂಚೆ ಅದು ಒಂದಷ್ಟು ದಿನ ಬಾಳೂರಿನ ಏರು ಹತ್ತುವ ಹಳೇ ಜೀಪಿನ ಹಾಗೆ ಗೊರಗುಟ್ಟಿತು. ಆಮೇಲೆ ಒಂದು ಸೋಮವಾರ ಸುಮ್ಮನಾಯಿತು. "ಸದ್ಯ, ಆ ಶಬ್ದ ಒಂದು ನಿಂತಿತಲ್ಲ" ಎಂದರು ಆಫೀಸಿನ ಹಿರಿಯರಾದ ಶಿವಯ್ಯನವರು. ಮೋಟಾರಿನ ಉತ್ತರಕ್ರಿಯೆ ಅಷ್ಟರಲ್ಲೇ ಮುಗಿಯಿತು.

ಅದು ಮೂಡಿಗೆರೆ ಪೇಟೆಯ ಒಂದು ಕಾಫಿ ಖರೀದಿ ಆಫೀಸು. ಬೆಳೆಗಾರರು ತಂದ ಕಾಫಿಯ ಸ್ಯಾಂಪಲ್ ನೋಡಿ, ಗ್ರೇಡು ಹೇಳಿ, ಕೊಳ್ಳುವ ಕೆಲಸ. ಇರುವುದು ಒಂದೇ ದೊಡ್ಡ ಹಾಲು. ಅದರ ಒಂದು ತುದಿಗೆ ಮ್ಯಾನೇಜರ ಕೋಣೆ. ಈಶಾನ್ಯದಲ್ಲಿ ನೀರಿದ್ದರೆ ಕಾಫಿ ರೇಟು ಏರುತ್ತದೆ ಎಂದು ಯಾರೋ ವಾಸ್ತು ಹೇಳುವವರು ಮಾಲೀಕರಿಗೆ ಹೇಳಿದ್ದರಂತೆ. ಹಾಗಾಗಿ ಹಾಲಿಗೂ ಕೋಣೆಗೂ ನಡುವೆ ಇದ್ದ ಮರದ ಅಡ್ಡಗೋಡೆ ಕೀಳಿಸಿ, ಸೊಂಟದೆತ್ತರ ಇಟ್ಟಿಗೆ ಕಟ್ಟಿಸಿ, ಅದರ ಮೇಲೆ ಆರಡಿ ಉದ್ದದ ಗಾಜಿನ ತೊಟ್ಟಿ ಕೂರಿಸಿದ್ದರು. ರೇಟು ತನ್ನ ಪಾಡಿಗೆ ಏರಿತು, ಇಳಿಯಿತು. ತೊಟ್ಟಿಯಲ್ಲಿ ಬಿಟ್ಟ ನಾಲ್ಕು ಆಸ್ಕರ್ ಮೀನುಗಳು ಮಾತ್ರ ಏರುತ್ತಲೇ ಹೋಗಿ ಒಂದೊಂದೂ ಅಂಗೈಗಿಂತ ಅಗಲವಾದವು.

ಮೋಟಾರು ನಿಂತ ಮೇಲೆ ನೀರು ಮೊದಲು ಮಜ್ಜಿಗೆಯ ಬಣ್ಣಕ್ಕೆ ಬಂತು, ಆಮೇಲೆ ಚಹಾದ ಬಣ್ಣಕ್ಕೆ, ಈಗ ಗಟ್ಟಿ ಡಿಕಾಕ್ಷನ್ನು. ಮೀನುಗಳು ಆಗಾಗ ಗಾಜಿಗೆ ಮೂತಿ ತಾಗಿಸಿದಾಗಷ್ಟೇ ಕಾಣುತ್ತಿದ್ದವು.

ಆಫೀಸಿನಲ್ಲಿ ಅವುಗಳ ಚಿಂತೆ ಇದ್ದದ್ದು ಕ್ಲರ್ಕ್ ಧರ್ಮೇಶನಿಗೆ ಒಬ್ಬನಿಗೇ. ನಾಲ್ಕರಲ್ಲಿ ದೊಡ್ಡದಕ್ಕೆ ಅವನು 'ರೈಟರ್' ಎಂದು ಹೆಸರಿಟ್ಟಿದ್ದ. ಆಳುಗಳ ಹಾಜರಿ ತೆಗೆಯುವ ತೋಟದ ರೈಟರ್ ಹಾಗೆ ಅದು ಆ ತುದಿಯಿಂದ ಈ ತುದಿಗೆ ಗಂಭೀರವಾಗಿ ಓಡಾಡುತ್ತಿತ್ತು. ಈಚೆಗೆ ಓಡಾಟ ಬಿಟ್ಟು ಮೇಲೆ ಬಂದು ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿತ್ತು. ಅದನ್ನು ನೋಡಿದರೆ ಧರ್ಮೇಶನಿಗೂ ಉಸಿರು ಸಿಕ್ಕಿಹಾಕಿಕೊಂಡಂತಾಗುತ್ತಿತ್ತು.

ಆ ದಿನ ಬೆಳಿಗ್ಗೆ ಮ್ಯಾನೇಜರ್ ಪ್ರಸನ್ನಕುಮಾರ್ ಅವನನ್ನು ಒಳಗೆ ಕರೆದರು. ಅವರು ಈ ಆಫೀಸಿಗೆ ವರ್ಗವಾಗಿ ಬಂದದ್ದೇ ನೀರು ಕೆಟ್ಟ ಮೇಲೆ.

"ನೋಡಿ ಧರ್ಮೇಶ್, ಈ ತೊಟ್ಟಿ ಹೀಗೇ ಇರೋದು ನಂಗೆ ಸರಿ ಬರಲ್ಲ. ಇವತ್ತು ಬಾಗಿಲು ಹಾಕೋದ್ರೊಳಗೆ ನೀರು ಕ್ಲಿಯರ್ ಆಗ್ಬೇಕು. ಇಲ್ಲಾಂದ್ರೆ ನಾಳೆ ತೊಟ್ಟಿ ಖಾಲಿ ಮಾಡಿಸ್ತೀನಿ. ಸಂಸೆ ಕಡೆಯೋರೊಬ್ರು ಮೀನು ಕೇಳ್ತಿದಾರೆ, ಕೆರೆಗೆ ಬಿಡಕ್ಕಂತೆ."

"ಸಾರ್, ಇವು ತೊಟ್ಟಿ ಮೀನು. ಕೆರೆಗೆ ಬಿಡಬಾರ್ದು ಸಾರ್."

"ಕೆರೆಗೆ ಅಂತ ಅವ್ರು ಹೇಳಿದ್ದು. ಬಾಣಲೆಗೆ ಅಂತ ನನ್ ಅನುಮಾನ."

"ನಾನು ಫಿಲ್ಟರ್ ಹಾಕಿಸ್ತೀನಿ ಸಾರ್. ಇವತ್ತೇ."

"ಹಾಕ್ಸಿ. ಆದ್ರೆ ಆಫೀಸಿನ ಕಾಫಿ ತಿಂಡಿ ಖರ್ಚಲ್ಲೇ ಆಗ್ಬೇಕು. ಕಡಿಮೆ ರೇಟಿಂದು ನೋಡಿ."

ಹೊರಗೆ ಬಂದು ಧರ್ಮೇಶ್ ವಿಷಯ ಹೇಳಿದ್ದೇ ತಡ, ಇಡೀ ಹಾಲೇ ಸಲಹಾ ಸಮಿತಿಯಾಯಿತು. ಗ್ರೇಡಿಂಗ್ ನೋಡುವ ಶಿವಯ್ಯನವರು ಹಿರಿಯರು, ಯಾವುದಕ್ಕೂ ಅವಸರ ಸಲ್ಲದೆನ್ನುವವರು. "ಈಗ ಯಾಕೆ ಮಾರಾಯ ಫಿಲ್ಟರು? ಕಾಫಿ ಹೂ ಬಿಡಿಸೋ ಹೂಮಳೆ ಬರ್ಲಿ. ಹವಾ ತಣ್ಣಗಾದ್ರೆ ನೀರು ತಾನೇ ತಿಳಿಯಾಗ್ತದೆ."

"ತೊಟ್ಟಿ ಒಳಗಿದೆ ಶಿವಯ್ಯನವ್ರೆ. ಹೂಮಳೆ ಹೊರಗೆ ಬೀಳೋದು" ಎಂದ ಧರ್ಮೇಶ್.

ಲೆಕ್ಕಪತ್ರ ನೋಡುವ ಪ್ರೇಮಲತಾ ಕನ್ನಡಕ ಹಣೆಗೇರಿಸಿದರು. "ಮೀನಿಗೆ ಆ ನೀರು ಒಗ್ಗಿರ್ತದೆ ಧರ್ಮೇಶ್. ಒಮ್ಮೆಲೇ ಕ್ಲೀನ್ ಮಾಡಿದ್ರೆ ಪಾಪ, ಶೀತ ಆಗ್ತದೆ."

ಬೆಂಚಿನ ಮೇಲೆ ಕಾಫಿ ಸ್ಯಾಂಪಲ್ಲಿನ ಚೀಲ ತೊಡೆ ಮೇಲಿಟ್ಟುಕೊಂಡು ವಸ್ತಾರೆಯ ಮಂಜಯ್ಯನವರು ಕೂತಿದ್ದರು. ತಮ್ಮ ಕಾಫಿಗೆ ತಪ್ಪು ಗ್ರೇಡು ಹಾಕಿದ್ದಾರೆ, ಮ್ಯಾನೇಜರೇ ಒಮ್ಮೆ ನೋಡಬೇಕು ಎಂದು ಅವರು ಬರುತ್ತಲೇ ಇದ್ದರು. ಬಂದಾಗಲೆಲ್ಲ "ಸಾಹೇಬ್ರು ತೋಟಗಳ ಕಡೆ ಹೋಗಿದಾರೆ" ಎಂಬ ಉತ್ತರ. ಹಾಗೆ ಹೇಳಬೇಕೆಂದು ಸಾಹೇಬರದೇ ಅಪ್ಪಣೆ. ಸಲಹೆ ಕೊಡಲು ಮಂಜಯ್ಯನವರಿಗೆ ಗ್ರೇಡಿನ ತಕರಾರು ಅಡ್ಡಿಯಾಗಲಿಲ್ಲ. "ಮರಳು, ಇದ್ದಿಲು, ಜಲ್ಲಿ. ನಮ್ಮ ಮನೇಲಿ ಅಷ್ಟೇ. ಹೊಳೆ ನೀರು ಕನ್ನಡಿ ಆಗ್ತದೆ."

"ಅದಕ್ಕೆ ಎಷ್ಟು ಹೊತ್ತು ಬೇಕು ಮಂಜಯ್ಯನವ್ರೆ?"

"ಏನು ಅವಸರ? ಹನಿ ಹನಿ ಬೀಳ್ತದೆ."

ಧರ್ಮೇಶ್ ಬ್ಯಾಗು ಹೆಗಲಿಗೇರಿಸಿದ. ಶಿವಯ್ಯನವರು ಬಾಗಿಲ ತನಕ ಬಂದರು. "ಚಿಕ್ಕಮಗಳೂರಿಗೆ ಹೋಗೋದೇ ಆದ್ರೆ ಮೀನಂಗಡಿಗೆ ಹೋಗ್ಬೇಡ, ಕೊಯ್ದುಬಿಡ್ತಾರೆ. ಮಾರ್ಕೆಟ್ ರೋಡಲ್ಲಿ ನನ್ನ ಪರಿಚಯದೋರ ಅಂಗಡಿ ಇದೆ. ಫಿಲ್ಟರಿಗೆ ಅವ್ರೇ ಸರಿ. ನನ್ ಹೆಸ್ರು ಹೇಳು."

ಹಿರಿಯರ ಮಾತು ಎಂದು ಧರ್ಮೇಶ್ ಬಸ್ಸಿಳಿದವನೇ ಅಲ್ಲಿಗೇ ಹೋದ. ಅದು ಪಾತ್ರೆ ಅಂಗಡಿ. ಬಾಗಿಲಲ್ಲಿ ಅನುಮಾನ ಬಂದರೂ, ಹೆಸರು ಹೇಳಿ ಆಗಿತ್ತು.

"ದೊಡ್ಡ ಫಿಲ್ಟರ್ ಬೇಕಿತ್ತು. ಕಡಿಮೆ ರೇಟಲ್ಲಿ."

"ಶಿವಯ್ಯನವ್ರ ಕಡೆಯೋರಾ? ಬನ್ನಿ. ಎಷ್ಟು ಜನಕ್ಕೆ?"

"ನಾಲ್ಕು. ಆದ್ರೆ ದೊಡ್ಡದೇ ಬೇಕು. ಅವು ಜಾಸ್ತಿ ಗಲೀಜು ಮಾಡ್ತವೆ."

ಅಂಗಡಿಯವರು ಅವನನ್ನು ಒಮ್ಮೆ ನೋಡಿ, ಒಳಗಿನಿಂದ ಫಳಫಳ ಹೊಳೆಯುವ ಸ್ಟೀಲಿನ ಕಾಫಿ ಫಿಲ್ಟರ್ ತಂದು ಟೇಬಲ್ ಮೇಲೆ ಕುಕ್ಕಿದರು. ಅದರೊಳಗೆ ಒಂದು ಕೂಸನ್ನು ಕೂರಿಸಿ ಸ್ನಾನ ಮಾಡಿಸಬಹುದಿತ್ತು. "ಮದುವೆ ಮನೆಗೂ ಸಾಕಾಗ್ತದೆ. ಡಿಕಾಕ್ಷನ್ ಹೇಗೆ ಇಳೀತದೆ ಅಂದ್ರೆ..."

"ಡಿಕಾಕ್ಷನ್ ಇಳಿಸೋಕಲ್ಲ. ತೆಗೆಯೋಕೆ. ಮೀನಿಗೆ."

ಅಂಗಡಿಯವರು ಫಿಲ್ಟರಿನ ಮುಚ್ಚಳ ಮುಚ್ಚಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು. "ನಿಮ್ಮ ಮೂಡಿಗೆರೆ ಕಡೆ ಈಗ ಮೀನಿಗೂ ಕಾಫಿ ಕೊಡ್ತಾರಾ?"

ಅಲ್ಲಿಂದ ಬಿಡಿಸಿಕೊಂಡು ಧರ್ಮೇಶ್ ನಿಜವಾದ ಮೀನಂಗಡಿ ಹುಡುಕಿದ. ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಗಿಳಿ, ಮೊಲ, ಬಣ್ಣದ ಮೀನುಗಳ ನಡುವೆ ಅಂಗಡಿಯ ಒಡತಿ ನಿಖಿತಾ ಕೂತಿದ್ದಳು. ತೊಟ್ಟಿಯ ಅಳತೆ ಕೇಳಿದಳು. ಸಣ್ಣ ಸ್ಪಂಜಿನ ಫಿಲ್ಟರ್ ತೋರಿಸಿ, "ಇದು ಬೆರಳುದ್ದದ ಮೀನಿಗೆ. ನಿಮ್ಮ ಆಸ್ಕರ್‌ಗಳು ಇದನ್ನೇ ತಿಂದ್ರೂ ತಿಂದ್ವು" ಎಂದಳು. ತೊಟ್ಟಿಯ ಅಂಚಿಗೆ ನೇತುಹಾಕುವ ಪೆಟ್ಟಿಗೆ ತೋರಿಸಿ, ಆರಡಿಗೆ ಇಂಥವು ಮೂರಾದರೂ ಬೇಕೆಂದಳು. ಕೊನೆಗೆ ಸಣ್ಣ ಹಾಲಿನ ಕ್ಯಾನಿನಷ್ಟಿದ್ದ ಕರಿ ಡಬ್ಬವೊಂದನ್ನು ಕೈಗಿತ್ತಳು. "ನಿಜ ಹೇಳ್ಬೇಕಂದ್ರೆ ನಿಮಗೆ ಬೇಕಾದ್ದು ಇದು. ಕ್ಯಾನಿಸ್ಟರ್."

ಧರ್ಮೇಶ್ ಬೆಲೆ ಕೇಳಿದ. ಕೇಳಿ, ನಿದ್ದೆ ಹೋದ ಮಗುವನ್ನು ತೊಟ್ಟಿಲಿಗೆ ಹಾಕುವಷ್ಟು ಮೆತ್ತಗೆ ಅದನ್ನು ಕೆಳಗಿಟ್ಟ.

"ನಮ್ಮ ಆಫೀಸಿನ ಕಾಫಿ ತಿಂಡಿ ಖರ್ಚಲ್ಲಿ ಆಗ್ಬೇಕು" ಎಂದ, ನೆಲ ನೋಡುತ್ತ.

ನಿಖಿತಾ ನಗಲಿಲ್ಲ. "ಹಾಗಾದ್ರೆ ಮೋಟಾರ್ ಒಂದು ಒಳ್ಳೇದು ತಗೊಳ್ಳಿ. ಅದ್ರಲ್ಲಿ ಮಾತ್ರ ಚೌಕಾಸಿ ಬೇಡ. ತೊಟ್ಟಿ ನೀರೆಲ್ಲ ಗಂಟೆಗೆ ನಾಲ್ಕು ಸಲ ಮೇಲೆ ಹತ್ತಿ ಇಳೀಬೇಕು. ಉಳಿದಿದ್ದು ನೀವೇ ಮಾಡ್ಕೋಬಹುದು. ತೂತು ಹಾಕಿದ ಟ್ರೇಗಳನ್ನ ಒಂದರ ಮೇಲೊಂದು ಇಡಿ. ಮೇಲಿನದ್ರಲ್ಲಿ ಈ ಬಿಳಿ ಹತ್ತಿ, ನಡುವೆ ಪಾತ್ರೆ ತಿಕ್ಕೋ ಪ್ಲಾಸ್ಟಿಕ್ ಜುಂಗು, ಕೆಳಗೆ ಹೆಂಚಿನ ಚೂರು. ಕೊಳೆ ಹತ್ತೀಲಿ ನಿಲ್ತದೆ. ಹೆಂಚಿನ ಮೇಲೆ ಒಳ್ಳೇ ಬ್ಯಾಕ್ಟೀರಿಯಾ ಕೂರ್ತವೆ, ಅದಕ್ಕೆ ವಾರಗಟ್ಟಲೆ ಬೇಕು. ನೀರು ತಿಳಿಯಾಗೋದು ಮಾತ್ರ ಬೇಗ."

"ಸಂಜೆ ಒಳಗೆ?"

"ಹತ್ತಿ ಆಗಾಗ ಬದಲಾಯಿಸಿ, ಅರ್ಧ ನೀರೂ ಬದಲಾಯಿಸಿದ್ರೆ ಆಗ್ಬಹುದು. ಹೆಂಚು ಮಾತ್ರ ಚೆನ್ನಾಗಿ ತೊಳ್ದು ಹಾಕಿ."

ಮೂಡಿಗೆರೆಗೆ ಹಿಂತಿರುಗುವ ಬಸ್ಸಿನಲ್ಲಿ ಧರ್ಮೇಶ್ ಮೋಟಾರನ್ನು ಎದೆಗವಚಿಕೊಂಡು, ಹತ್ತಿಯ ದೊಡ್ಡ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದ. ಪಕ್ಕದ ಸೀಟಿನ ಅಜ್ಜಿ, ಮನೆಯಲ್ಲಿ ಬಾಣಂತಿ ಇದ್ದಾರಾ ಎಂದು ವಿಚಾರಿಸಿದರು. ಅವನಿಗೆ ಹೌದೆನ್ನುವುದೇ ಸುಲಭವೆನ್ನಿಸಿತು. ಇಳಿಯುವವರೆಗೂ ಬಾಣಂತಿ ಪಥ್ಯ ಕೇಳಿಸಿಕೊಂಡ.

ಆಫೀಸಿಗೆ ಬಂದು ಸ್ಯಾಂಪಲ್ ಹರಡುವ ಹಳೇ ಪ್ಲಾಸ್ಟಿಕ್ ಟ್ರೇ ಮೂರನ್ನು ಆಯ್ದು, ಮೊಳೆ ಕಾಯಿಸಿ ತೂತು ಹಾಕಿದ. ಹಿತ್ತಲಲ್ಲಿ ಒಡೆದು ಬಿದ್ದಿದ್ದ ಮಂಗಳೂರು ಹೆಂಚನ್ನು ಚೂರು ಮಾಡಿದ. ಪಕ್ಕದ ಅಂಗಡಿಯ ಪಾತ್ರೆ ತಿಕ್ಕುವ ಜುಂಗನ್ನೆಲ್ಲ ತಂದ. ಮೋಟಾರು ನೀರಿಗಿಳಿಸಿ, ಪೈಪು ಮೇಲಕ್ಕೆ ಕಟ್ಟಿ, ಸ್ವಿಚ್ಚು ಒತ್ತಿದ.

ಮೋಟಾರು ನಿಜವಾಗಿ ಒಳ್ಳೆಯದೇ ಆಗಿತ್ತು. ಪೈಪು ಕಟ್ಟು ಕಿತ್ತುಕೊಂಡು ಹೆಡೆಯೆತ್ತಿ ನಿಂತು, ಹಾಲನ್ನೆಲ್ಲ ಒಮ್ಮೆ ಸಮೀಕ್ಷೆ ಮಾಡಿ, ಡಿಕಾಕ್ಷನ್ ನೀರನ್ನು ಪ್ರೇಮಲತಾ ಅವರ ಮೇಜಿನಡಿ ಇದ್ದ ರಟ್ಟಿನ ಪೆಟ್ಟಿಗೆಗೆ ಗುರಿಯಿಟ್ಟಿತು.

"ಅಯ್ಯೋ, ನನ್ನ ಪೆಟ್ಟಿಗೆ."

"ಫೈಲಾ ಮೇಡಂ?" ಎಂದು ಧರ್ಮೇಶ್ ಓಡಿಬಂದು ಪೆಟ್ಟಿಗೆ ಬಿಚ್ಚಿದ. ಒಳಗೆ ಫೈಲಿರಲಿಲ್ಲ, ಹೂಬಣ್ಣದ ನೈಟಿಗಳಿದ್ದವು. ಪ್ರೇಮಲತಾ ಪೇಟೆಯ ಹೆಂಗಸರಿಗೆಲ್ಲ ಅವನ್ನು ಮಾರುವುದು ಮಧ್ಯಾಹ್ನದ ಹೊತ್ತು. "ಸೈಡ್ ಬಿಸಿನೆಸ್ಸು. ನೀನು ನೋಡಿಲ್ಲ" ಎಂದು ಹೇಳಿ, ಒದ್ದೆಯಾದವನ್ನು ಗ್ರೇಡಿಂಗ್ ಟೇಬಲ್ಲಿನ ಮೇಲೆ ಹರಡಿದರು.

ಆ ಟೇಬಲ್ಲು ಶಿವಯ್ಯನವರಿಗೆ ಊಟದ ನಂತರ ತಲೆಯಿಟ್ಟು ಮಲಗಲು ಬೇಕಾದದ್ದು. ಜಾಗ ಹೋದ ಬೇಸರದಲ್ಲಿ ಅವರು ಕುರ್ಚಿಯನ್ನು ಗೋಡೆಗೊರಗಿಸಿದರು. ಹಾಗೆ ಒರಗಿಸುವಾಗ ಮೋಟಾರಿನ ಪ್ಲಗ್ಗು ಕಿತ್ತುಬಂತು.

"ನೋಡ್ಲಿಲ್ಲ ಮಾರಾಯ" ಎಂದರು ಕಣ್ಣು ಮುಚ್ಚಿಕೊಂಡೇ.

ಧರ್ಮೇಶ್ ಪ್ಲಗ್ಗು ಚುಚ್ಚಿದ. ಈ ಸಲ ಪೈಪು ಅಲುಗಲಿಲ್ಲ. ನೀರು ಟ್ರೇಯಿಂದ ಟ್ರೇಗೆ ಮಳೆಯ ಹಾಗೆ ಇಳಿಯತೊಡಗಿತು. ಅವನು ಕೈಕಟ್ಟಿ ನಿಂತು ನೋಡಿದ. ನೋಡುತ್ತಿದ್ದ ಹಾಗೇ ತೊಟ್ಟಿ ಕಂದು ಬಣ್ಣದಿಂದ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತು. ಅವಸರದಲ್ಲಿ ಹೆಂಚಿನ ಚೂರು ತೊಳೆದಿರಲಿಲ್ಲ.

ಕೋಣೆಯ ಬಾಗಿಲು ತೆರೆದು ಪ್ರಸನ್ನಕುಮಾರ್ ಇಣುಕಿದರು. ಬೆಂಚಿನ ಮೇಲೆ ಮಂಜಯ್ಯನವರ ಚೀಲ ಕಂಡು ಅರ್ಧಕ್ಕೇ ನಿಂತರು. ಮಂಜಯ್ಯನವರು ಊಟಕ್ಕೆ ಹೋಗಿದ್ದರು, ಪುಣ್ಯ. "ಧರ್ಮೇಶ್, ಇದು ಮೊದಲೇ ವಾಸಿ ಇತ್ತಲ್ಲ" ಎಂದು ಬಾಗಿಲು ಮುಚ್ಚಿಕೊಂಡರು.

"ನಾನು ಬೆಳಿಗ್ಗೆನೇ ಹೇಳಿದ್ದೆ" ಎಂದರು ಪ್ರೇಮಲತಾ. ಅವರ ದನಿಯಲ್ಲಿ ಯಾಕೋ ಸಮಾಧಾನವಿತ್ತು. "ಹೋಗ್ಲಿ ಬಿಡು. ಒಂದು ಪ್ಲೈವುಡ್ ಹೊಡೆದ್ರೆ ನೀಟಾಗಿರ್ತದೆ."

ಕೆಂಪು ನೀರಿನಿಂದ ರೈಟರ್ ಮೇಲೆ ಬಂದು, ಬಾಯಿ ತೆರೆದು, ಧರ್ಮೇಶನನ್ನೇ ನೋಡುವ ಹಾಗೆ ಒಂದು ಕ್ಷಣ ನಿಂತು ಮುಳುಗಿತು. ಧರ್ಮೇಶ್ ಪ್ಯಾಂಟು ಮಡಚಿದ.

ಟ್ರೇ ಇಳಿಸಿ ಹೆಂಚಿನ ಚೂರುಗಳನ್ನು ಹಿತ್ತಲಿಗೆ ಹೊತ್ತು, ನೀರು ಸ್ವಚ್ಛ ಬರುವವರೆಗೆ ಬಕೆಟ್ಟಿನಲ್ಲಿ ತೊಳೆದ. ತೊಟ್ಟಿಯ ಅರ್ಧ ನೀರನ್ನು ಪೈಪಿನಲ್ಲಿ ಎಳೆದು ಹೊರಗಿನ ದಾಸವಾಳದ ಬುಡಕ್ಕೆ ಬಿಟ್ಟು, ಬಾವಿ ನೀರು ಸೇದಿ ಸೇದಿ ತುಂಬಿದ. ಹತ್ತಿ ಕಂದಾದಾಗೆಲ್ಲ ತೆಗೆದು ಹೊಸದು ಹಾಸಿದ. ಕರೆಂಟು ಹೋಯಿತು. ಬಿಲ್ಲಿಂಗ್ ಕಂಪ್ಯೂಟರಿನ ಯುಪಿಎಸ್‌ಗೆ ಮೋಟಾರು ಸಿಕ್ಕಿಸಿದ. ಪ್ರೇಮಲತಾ ಒಂದು ಹಿಡಿ ಮಂಡಕ್ಕಿ ಹಿಡಿದುಕೊಂಡು, "ಪಾಪ, ಹಸಿದಿರ್ತವೆ" ಎನ್ನುತ್ತ ತೊಟ್ಟಿಯ ಕಡೆ ಬಂದಾಗ, ಅಡ್ಡ ನಿಂತು ಮಂಡಕ್ಕಿಯನ್ನು ತಾನೇ ತಿಂದ. ಮಧ್ಯಾಹ್ನ ಅವನು ಉಂಡಿರಲೂ ಇಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ನೀರಿನ ಬಣ್ಣ ಕಾಫಿಯಿಂದ ಚಹಾಕ್ಕೆ ಬಂತು. ಚಹಾ ಬಾರ್ಲಿ ಗಂಜಿಯಾಯಿತು. ಗಂಜಿಯೊಳಗೆ ಮೊದಲು ರೈಟರ್ ಕಂಡಿತು, ಕೆಂಪು ಕಪ್ಪು ಪಟ್ಟೆಯ ಮೈ ಪೂರ್ತಿಯಾಗಿ. ಅದು ಮೇಲೆ ಬಂದು ಗಾಳಿ ಎಳೆಯುತ್ತಿರಲಿಲ್ಲ. ತೊಟ್ಟಿಯ ನಡುಮಧ್ಯೆ ಆ ತುದಿಯಿಂದ ಈ ತುದಿಗೆ ಹಾಜರಿ ತೆಗೆಯುತ್ತಿತ್ತು. ಧರ್ಮೇಶ್ ಒದ್ದೆ ನೆಲದಲ್ಲೇ ಮಂಡಿಯೂರಿ ಕೂತ. ಬದುಕಿನಲ್ಲಿ ಒಂದು ಕೆಲಸ ಹೇಳಿದ ಹಾಗೆ, ಹೇಳಿದ ಹೊತ್ತಿಗೆ ಮುಗಿಸಿದ್ದು ಇದೇ ಮೊದಲು ಎಂದು ಅವನಿಗನ್ನಿಸಿತು.

ಆಮೇಲೆ ಮೀನಿನ ಹಿಂದೆ ಮ್ಯಾನೇಜರ ಕೋಣೆಯ ಕ್ಯಾಲೆಂಡರ್ ಕಂಡಿತು. ಕ್ಯಾಲೆಂಡರಿನ ಪಕ್ಕ ಮ್ಯಾನೇಜರ ಮುಖ. ನೀರಿನಲ್ಲಿ ಅದು ಕುಂಬಳಕಾಯಿಯಷ್ಟಾಗಿತ್ತು, ಮತ್ತು ನಗುತ್ತಿತ್ತು.

ಪ್ರಸನ್ನಕುಮಾರ್ ಮೀನು ನೋಡುತ್ತಿರಲಿಲ್ಲ. ಅವರ ಕಣ್ಣು ಗ್ರೇಡಿಂಗ್ ಟೇಬಲ್ಲಿನ ಮೇಲೆ ಸಾಲಾಗಿ ಹರಡಿದ್ದ ನೈಟಿಗಳನ್ನು ಎಣಿಸಿತು, ಅಲ್ಲಿಂದ ಗೋಡೆಗೊರಗಿ ಬಾಯಿ ತೆರೆದು ಮಲಗಿದ್ದ ಶಿವಯ್ಯನವರ ಮೇಲೆ ಹೋಗಿ ನಿಂತಿತು. ಆಮೇಲೆ ಅವರು ಖುಷಿಯಲ್ಲಿ ಬೆಂಚಿನ ಕಡೆ ನೋಡುವುದನ್ನೂ ಮರೆತು ಎದ್ದು ಹೊರಗೆ ಬಂದು, ಧರ್ಮೇಶನ ಒದ್ದೆ ಬೆನ್ನು ತಟ್ಟಿದರು.

"ಭೇಷ್ ಧರ್ಮೇಶ್. ಸ್ಟಾಫ್ ಮೇಲೆ ನಿಗಾ ಇಡೋಕೆ ಕ್ಯಾಮೆರಾ ಹಾಕ್ಸಿ ಅಂತ ಮಾಲೀಕರು ಹೇಳ್ತಾನೇ ಇದ್ರು. ಅದರ ರೇಟ್ ಕೇಳಿ ನಂಗೆ ತಲೆ ತಿರುಗಿತ್ತು. ಬೇಡ ಸಾರ್, ಒಂದು ಫಿಲ್ಟರಲ್ಲಿ ಆಗೋ ಕೆಲಸ ಅಂದಿದ್ದೆ. ಆಗೇ ಹೋಯ್ತಲ್ಲ."

ಅಷ್ಟು ಹೇಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಪ್ರೇಮಲತಾ ನೈಟಿಗಳನ್ನು ಒಂದೊಂದಾಗಿ ಮಡಚಿದರು. ಶಿವಯ್ಯನವರು ಪೂರ್ತಿ ಎಚ್ಚರವಾಗಿದ್ದರು, ಎಷ್ಟೋ ವರ್ಷಗಳ ನಂತರ.

"ಬೆಳಿಗ್ಗೆಯಿಂದ ನಾವು ಬಡ್ಕೊಂಡ್ವಿ" ಎಂದರು ಅವರು ಮೆಲ್ಲಗೆ. "ಹಾಳು ಪಾತ್ರೆ ಅಂಗಡೀಗೂ ಕಳ್ಸಿದೆ. ನಿಂಗೆ ಅರ್ಥ ಆಗ್ಬೇಕಲ್ಲ ಮಾರಾಯ."

ಧರ್ಮೇಶನಿಗೆ ಈಗ ಅರ್ಥವಾಯಿತು. ಶೀತದ ಚಿಂತೆ, ಕಿತ್ತುಬಂದ ಪ್ಲಗ್ಗು, ಒಂದು ಹಿಡಿ ಮಂಡಕ್ಕಿ, ಎಲ್ಲವೂ. "ನಂಗೆ ಮೀನು ಮಾತ್ರ ತಲೇಲಿತ್ತು ಶಿವಯ್ಯನವ್ರೆ" ಎಂದ.

ಅಷ್ಟರಲ್ಲಿ ಬೆಂಚಿನ ಕಡೆಯಿಂದ ಮಂಜಯ್ಯನವರ ದನಿ ಬಂತು. ಊಟ ಮುಗಿಸಿ ಯಾವಾಗಲೋ ಬಂದು ಕೂತಲ್ಲೇ ತೂಕಡಿಸುತ್ತಿದ್ದ ಅವರು ಈಗಷ್ಟೇ ತಲೆಯೆತ್ತಿದ್ದರು. "ಅಲ್ಲ, ಒಳಗೆ ಯಾರೋ ಹಾಡು ಹೇಳ್ತಿದಾರಲ್ಲ?"

ಎಲ್ಲರೂ ತಿರುಗಿದರು. ತಿಳಿನೀರಿನಾಚೆ ಪ್ರಸನ್ನಕುಮಾರ್ ಮೊಬೈಲನ್ನು ಫೈಲಿಗೊರಗಿಸಿ ನಿಲ್ಲಿಸಿಕೊಂಡು, ಒಂದು ಕೈ ಎದೆಗೆ, ಇನ್ನೊಂದು ಕೈ ಆಕಾಶಕ್ಕೆ ಹಿಡಿದು, ಯಾವುದೋ ಪ್ರೇಮಗೀತೆಗೆ ತುಟಿ ಆಡಿಸುತ್ತಿದ್ದರು. ರೀಲ್ಸ್. ಅವರ ಕೆನ್ನೆಯ ಪಕ್ಕಕ್ಕೇ ಬಂದು ನಿಂತ ರೈಟರ್ ಕೂಡ ಬಾಯಿ ತೆರೆದು ಮುಚ್ಚುತ್ತಿತ್ತು. ಇಬ್ಬರಲ್ಲಿ ಮೀನೇ ತಾಳಕ್ಕೆ ಸರಿಯಾಗಿತ್ತು.

ಪ್ರೇಮಲತಾ ನೈಟಿಯನ್ನು ಬಾಯಿಗೊತ್ತಿಕೊಂಡರು.

"ಇವ್ರು ಮ್ಯಾನೇಜರ್ ಸಾಹೇಬ್ರಲ್ವಾ?" ಎಂದು ಮಂಜಯ್ಯನವರು ಎದ್ದರು. "ತೋಟಗಳ ಕಡೆ ಹೋಗಿದಾರೆ ಅಂದ್ರಿ. ತೋಟದಿಂದ ಇಷ್ಟು ಖುಷಿಯಾಗಿ ಬಂದೋರನ್ನ ನಾನು ನೋಡಿರ್ಲಿಲ್ಲ." ಸ್ಯಾಂಪಲ್ ಚೀಲ ಎತ್ತಿಕೊಂಡು, ಯಾರನ್ನೂ ಕೇಳದೆ, ಕೋಣೆಯ ಬಾಗಿಲು ತಳ್ಳಿ ಒಳಗೆ ನಡೆದರು.

ಗಾಜಿನಾಚೆ ಆಕಾಶಕ್ಕೇರಿದ್ದ ಕೈ ಅಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಇಳಿದು, ಕುರ್ಚಿ ತೋರಿಸಿತು. ಮಂಜಯ್ಯನವರು ಕಾಫಿಬೀಜವನ್ನು ಮೇಜಿನ ಮೇಲೆ ಸುರಿದರು. ಪ್ರಸನ್ನಕುಮಾರ್ ಒಂದೊಂದೇ ಬೀಜ ಎತ್ತಿ ನೋಡಿದರು, ಕಚ್ಚಿ ನೋಡಿದರು. ಹಾಲಿನವರೆಲ್ಲ ತಮ್ಮನ್ನೇ ನೋಡುತ್ತಿದ್ದುದರಿಂದ ಬಹಳ ಪ್ರಾಮಾಣಿಕವಾಗಿಯೇ ನೋಡಿದರು. ಮಂಜಯ್ಯನವರು ಹೊರಬಂದಾಗ ಅವರ ಕಾಫಿಯ ಗ್ರೇಡು ಒಂದು ಮೆಟ್ಟಿಲು ಮೇಲೆ ಹೋಗಿತ್ತು.

"ಒಳ್ಳೇ ಫಿಲ್ಟರ್ ಹಾಕಿದೀರಿ ತಮ್ಮಾ" ಎಂದು ಅವರು ಧರ್ಮೇಶನ ಕೈ ಹಿಡಿದು ಕುಲುಕಿದರು. "ನಾಳೆ ನಮ್ಮ ಪಕ್ಕದ ತೋಟದೋರ್ನೂ ಕಳಿಸ್ತೀನಿ. ಅವ್ರದ್ದೂ ಇಂಥದ್ದೇ ತಕರಾರು."

ಅದು ಒಳಗೂ ಕೇಳಿಸಿತು. ಕರೆಗಂಟೆ ಸದ್ದು ಮಾಡಿತು. ಧರ್ಮೇಶ್ ಒದ್ದೆ ಪ್ಯಾಂಟಿನಲ್ಲೇ ಒಳಗೆ ಹೋದ. ಪ್ರಸನ್ನಕುಮಾರ್ ಹಾಲಿಗೆ ಬೆನ್ನು ತಿರುಗಿಸಿ, ತುಟಿ ಆಡದಂತೆ ಮಾತಾಡಿದರು.

"ಮೀನು ಇಲ್ಲೇ ಇರ್ಲಿ. ನೀರೂ ಹೀಗೇ ಇರ್ಲಿ. ಆದ್ರೆ ನಾಳೆ ಬೆಳಿಗ್ಗೆನೇ ಚಿಕ್ಕಮಗಳೂರಿಗೆ ಹೋಗಿ ಒಂದು ಕರ್ಟನ್ ತನ್ನಿ. ಆರಡಿದು. ಕಡಿಮೆ ರೇಟಿಂದು ನೋಡಿ."

"ಆಯ್ತು ಸಾರ್."

"ಮತ್ತೆ, ಎಳೆಯೋ ದಾರ ನನ್ನ ಕಡೆಗಿರ್ಲಿ. ನಂಗೆ ಬೇಕಾದಾಗ ತೆಗೀಬೇಕು, ಬೇಡ ಅನ್ಸಿದಾಗ ಹಾಕ್ಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್."

ಬಾಗಿಲಾಚೆ ಪ್ರೇಮಲತಾ ಮತ್ತು ಶಿವಯ್ಯನವರು ಕಾದು ನಿಂತಿದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಪ್ರೇಮಲತಾ ಅವನಿಗೆಂದು ಬಿಸಿ ಕಾಫಿ ತರಿಸಿದ್ದರು.

"ಕುಡಿ ಧರ್ಮೇಶ್, ದಣಿದಿದೀಯ. ಕರ್ಟನ್ ಅಂದ್ರಾ? ಕೇಳ್ತು. ಒಳ್ಳೇದೇ ಆಯ್ತು." ಅವರು ದನಿ ತಗ್ಗಿಸಿದರು. "ಬಟ್ಟೆ ನನ್ನ ಹತ್ರಾನೇ ಇದೆ, ಕಡಿಮೆಗೆ ಕೊಡ್ತೀನಿ. ಆದ್ರೆ ಒಂದು ಮಾತು. ಎಳೆಯೋ ದಾರ ಮಾತ್ರ ನಮ್ಮ ಕಡೆ ಬರ್ಬೇಕು."